ಕಾರಣ ಹೇಳದ ‘ಬೇಡ’

ಭಾನುವಾರ, ಹದಿನೇಳನೇ ತಾರೀಖು

ಪ್ರೀತಿಯ ಅಣ್ಣನಿಗೆ,

ನನ್ನ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ, ಕಾಗುಣಿತದ ತಪ್ಪು ಎರಡನ್ನೂ ಮನ್ನಿಸು. ಐದನೇ ತರಗತಿಗೆ ನಿಂತ ಕೈ ಇದು. ತಡವಾಗಿದ್ದಕ್ಕೂ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ. ಕಣ್ಣು ಕಾಣದ ನಿನ್ನಂಥವರಿಗೆ ಓದಿ ಹೇಳುವ ನಮ್ಮ ಸಾಫ್ಟ್‌ವೇರಿಗೆ ಅಚ್ಚಿನ ಅಕ್ಷರ ಮಾತ್ರ ಗೊತ್ತು. ಹಾಗಾಗಿ ಇದನ್ನು ನಿನಗೆ ಅತ್ತಿಗೆಯೇ ಓದಿ ಹೇಳುತ್ತಿರಬೇಕು. ಅತ್ತಿಗೆ, ನಮಸ್ಕಾರ.

ಅಮ್ಮನ ಮೊಣಕಾಲು ನೋವು ಹಾಗೇ ಇದೆ. ನಿನ್ನ ಕೋಣೆಗೆ ನನ್ನ ಹೊಲಿಗೆ ಮೆಷಿನ್ನು ಬಂದಿದೆ. ನನ್ನ ಮುಖ ನೋಡಿ ಅಮ್ಮ, “ಮದ್ವೆ ಆಗಿ ಮನೆ ಬಿಟ್ಟಿದ್ದು ಅವ್ನು. ತವರು ಬಿಟ್ಟೋಳ ಹಾಗೆ ಕೂತಿರೋದು ನೀನು” ಎನ್ನುತ್ತಾಳೆ.

ಮೊನ್ನೆ ಫೋನಿನಲ್ಲಿ ನಡೆದ ನಮ್ಮ ಸಾಫ್ಟ್‌ವೇರ್ ಗುಂಪಿನ ಸಭೆಯ ವಿಷಯಕ್ಕೆ ಬರುತ್ತೇನೆ. ನಿನ್ನ ಸಲಹೆಗೆ ‘ಬೇಡ’ ಎಂದವಳು ನಾನೊಬ್ಬಳೇ. ಒಬ್ಬರೇ ಒಬ್ಬರು ಬೇಡ ಎಂದರೂ ಸಾಕು, ನಿಯಮ ಬದಲಾಗುವುದಿಲ್ಲ; ಯಾರೂ ಬೇಡ ಎನ್ನದಿದ್ದರೆ ರಾತ್ರೋರಾತ್ರಿ ಬದಲಾಗುತ್ತದೆ. ಸಂಬಳವಿಲ್ಲದೆ ಹತ್ತಾರು ಜನ ಸೇರಿ ಕಟ್ಟಿದ ಸಾಫ್ಟ್‌ವೇರು ಇಷ್ಟು ದಿನ ನಡೆದದ್ದೇ ಹಾಗೆ. ಕಳೆದ ವರ್ಷ ಒಂದು ರಾತ್ರಿ ನೀನು ಮಲಗಿದ್ದಾಗ, ಕಣ್ಣು ಕಾಣದವರು ಪರೀಕ್ಷಿಸಿದ ಮೇಲೆಯೇ ಹೊಸದನ್ನು ಹೊರಬಿಡಬೇಕು ಎಂಬ ನಿಯಮವನ್ನು ಯಾರೋ ತೆಗೆದುಹಾಕಿದ್ದರು. ಬೆಳಗ್ಗೆ ಎದ್ದರೆ ನಿನ್ನ ಫೋನು ಮೂಕವಾಗಿತ್ತು. ಅವತ್ತು ಅಡುಗೆಮನೆಯಲ್ಲಿ ನಾನೇ ಅಲ್ಲವೇ ಹೇಳಿದ್ದು? “ಬೇಕು ಅನ್ನೋರೂ ಯಾಕೆ ಅಂತ ಹೇಳ್ಲಿ, ಬೇಡ ಅನ್ನೋರೂ ಯಾಕೆ ಅಂತ ಹೇಳ್ಲಿ. ಹೇಳಿದ್ದಕ್ಕೆ ಯಾರಾದ್ರೂ ಉತ್ತರ ಕೊಡ್ಲಿ. ಅಲ್ಲೀವರೆಗೂ ಮುಟ್ಟಬಾರ್ದು.”

ನಿನ್ನ ಸಲಹೆಯಲ್ಲಿ ಆ ಮಾತು ಹಾಗೆಯೇ ಇತ್ತು. ಮೊದಲೆಲ್ಲ ನೀನು ಹೇಳುತ್ತಿದ್ದೆ, ನಾನು ಬರೆಯುತ್ತಿದ್ದೆ. ಈ ಸಲ ಎಲ್ಲರ ಜೊತೆ ನಾನೂ ಫೋನಿನಲ್ಲೇ ಕೇಳಿಸಿಕೊಂಡೆ. ಕೊನೆಯಲ್ಲಿ, ಬರೆಯಲು ನೆರವಾದವರು ಎಂದು ಅತ್ತಿಗೆಯ ಹೆಸರು ಬಂತು. ಅದನ್ನು ಓದಿದ್ದೂ ಅತ್ತಿಗೆಯ ದನಿಯೇ. ನಮ್ಮ ಸಾಫ್ಟ್‌ವೇರಿಗೆ ದನಿ ಕೊಟ್ಟವರು ಅವರಲ್ಲವೇ. ಬೇಡ ಎಂದುಬಿಟ್ಟೆ.

ಸಭೆ ನಡೆಸುತ್ತಿದ್ದ ಗಡ್ಡದ ಮೇಷ್ಟ್ರು, “ಏನ್ ತಂಗೀ, ನಿನ್ನ ಬೇಡಕ್ಕೆ ಕೈಕಾಲು ಏನಾದ್ರೂ ಇದ್ಯಾ, ಬರೀ ಬಾಯೊಂದೇನಾ?” ಎಂದರು. ಎಲ್ಲರೂ ನಕ್ಕರು. ನೀನು ನಗಲಿಲ್ಲ. “ಬಿಡಿ ಮೇಷ್ಟ್ರೇ, ಹಳೇ ನಿಯಮದಲ್ಲಿ ಕಾರಣ ಕೇಳೋ ಹಾಗಿಲ್ಲ” ಎಂದು ನೀನೇ ಹೇಳಿದೆ. ನೀನು ಬೈದಿದ್ದರೆ ಚೆನ್ನಾಗಿತ್ತು.

ಅತ್ತಿಗೆ, ನಿಮ್ಮ ದನಿ ಚೆನ್ನಾಗಿದೆ. ಅದೇ ಕಷ್ಟ. ಸಾಫ್ಟ್‌ವೇರು ತಪ್ಪು ಓದಿದ ಪದಗಳನ್ನು ಹುಡುಕಿ ತಿದ್ದುವ ಕೆಲಸ ನನ್ನದು. ಒಂದೊಂದು ಪದ ತಿದ್ದಿದಾಗಲೂ ನೀವು ಇನ್ನಷ್ಟು ಚೆನ್ನಾಗಿ ಓದುತ್ತೀರಿ. ನನ್ನ ಕೈಯಾರೆ ನಾನೇ ನಿಮ್ಮನ್ನು ಅಣ್ಣನಿಗೆ ಹತ್ತಿರ ಮಾಡಿದೆ. ಸಿಕ್ಕಿದ ತಪ್ಪುಗಳನ್ನು ಈ ತಿಂಗಳು ಕಳಿಸಿಲ್ಲ.

ಅಣ್ಣ, ನನ್ನ ‘ಬೇಡ’ವನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮೇಷ್ಟ್ರಿಗೂ ತಿಳಿಸಿದ್ದೇನೆ. ಹೊಸ ನಿಯಮ ಬರಲಿ, ನಿಮ್ಮಿಬ್ಬರ ಬಾಳು ತಂಪಾಗಿರಲಿ. ಅಮ್ಮ ಇಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ.

ನಿನ್ನ ತಂಗಿ,
ಗಿಣಿ

ಮಡಿಸಿದ ಕಾಗದ ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಅತ್ತಿಗೆ, ಇದನ್ನು ಬಿಡದೆ ಗಟ್ಟಿಯಾಗಿ ಓದಿ. ಅಣ್ಣ, ನಿನ್ನ ಮದುವೆಯ ದಿನ ಯಾರೋ ಸಾಫ್ಟ್‌ವೇರಿನ ಬಗ್ಗೆ ಕೇಳಿದಾಗ ನೀನು, “ನಂಗೀಗ ಪೇಪರ್ ಓದಿ ಹೇಳೋಕೆ ಯಾರೂ ಬೇಕಾಗಿಲ್ಲ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ‘ಬೇಡ’ಕ್ಕೆ ಕಾರಣ ಅದು. ಹೇಳಿದ್ದೇನೆ, ಇನ್ನು ಉತ್ತರ ಕೊಡುವುದು ನಿನ್ನದು.

ಇವತ್ತು ಬೆಳಗ್ಗೆ ಪೇಪರ್ ಬಂತು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ನಿನ್ನ ಖಾಲಿ ಕುರ್ಚಿಯ ಎದುರು ಕೂತು, ದಿನಾ ನಿನಗೆ ಓದುತ್ತಿದ್ದ ಹಾಗೆಯೇ, ಮೊದಲನೇ ಪುಟ ಪೂರ್ತಿ ಗಟ್ಟಿಯಾಗಿ ಓದಿದೆ.