ಆಡಿ ತಿಂಗಳ ನುಗ್ಗೆ ಜೇನು

ತೊಂಡಾಮುತ್ತೂರು
20 ಆಗಸ್ಟ್ 2025

ಕಣ್ಣು ಸುಗನ್ಯಾ,

ಆಡಿ ಹದಿನೆಂಟರ ಹಬ್ಬದ ಭಾನುವಾರ, ತುಡಿಯಲೂರಿನ ಸಂತೆಯಲ್ಲಿ, ನನ್ನ ಮುಖ ಅಂಟಿಸಿದ ಸೀಸೆಗಳಲ್ಲಿ ಜೇನಲ್ಲದ್ದನ್ನು ಜೇನೆಂದು ಮಾರಲಾಯಿತು. ತಪ್ಪು ಇದು. ಕುಶಲ ಆಮೇಲೆ ಕೇಳುತ್ತೇನೆ.

ಸುದ್ದಿ ತಂದವಳು ಎದುರುಮನೆ ಲಕ್ಷ್ಮಿಯಮ್ಮಾಳ್. ಶುಂಠಿ ಪುಡಿಗೆ ಕಲಸಿ ತಿನ್ನಲು ಒಂದು ಸೀಸೆ ಕೊಂಡಿದ್ದಳಂತೆ. ಬಾಗಿಲಲ್ಲೇ ನಿಂತು, ಏನು ರಾಮಾಯಿ, ಹೊರಗೆ ಹಲ್ಲು ಬಿಟ್ಟು ನಗ್ತೀಯ, ಒಳಗೆ ಬರೀ ಪಾಕ ತುಂಬಿದ್ದೀಯ, ನಿನ್ನ ಹುಳಕ್ಕೆ ಹೂವು ಸಿಗದೆ ಮಿಠಾಯಿ ಅಂಗಡಿಗೆ ಹೋಯಿತಾ ಎಂದಳು. ನಾನೂ ನಕ್ಕೆ. ಅವಳು ಸೀಸೆ ಬಿಟ್ಟು ಹೋದ ಮೇಲೆ ಅದರ ಚೀಟಿ ಓದಿದೆ: ರಾಮಾಯಿ ಅಜ್ಜಿಯ ಅಪ್ಪಟ ನುಗ್ಗೆ ಹೂವಿನ ಜೇನು. ಆಮೇಲೆ ನಗು ಬರಲಿಲ್ಲ.

ಉರಿಸಿ ನೋಡು, ಇರುವೆ ಮುಂದಿಡು ಎನ್ನುವ ಪರೀಕ್ಷೆಗಳನ್ನು ನಂಬುವವಳಲ್ಲ ನಾನು. ಓದಿದ್ದೇನೆ, ಅವೆಲ್ಲ ಸುಳ್ಳು. ಜೇನು ಸಾಕಲು ಹೊರಟು ನನಗೆ ವರ್ಷವೂ ತುಂಬಿಲ್ಲ, ಒಪ್ಪಿದೆ. ಪೆಟ್ಟಿಗೆಯ ಕಾಲಡಿಯ ನೀರಿನ ಬಟ್ಟಲು ಒಣಗಲು ಬಿಟ್ಟು ಹುಳುಗಳ ಒಂದು ಕುಟುಂಬವನ್ನೇ ಇರುವೆಗಳಿಗೆ ಕೊಟ್ಟವಳು. ಆದರೆ ಋತು ಗೊತ್ತು. ಚಿತ್ತಿರೈ ತಿಂಗಳು ಮುಗಿಯುವಾಗ, ಬೇಸಿಗೆಯಲ್ಲೇ, ಕೊನೆಯ ಜೇನುತುಪ್ಪ ತೆಗೆದೆವು. ಆಡಿ ಗಾಳಿ ಎದ್ದ ಮೇಲೆ ಹೂವೆಲ್ಲಿ? ಹುಳುಗಳು ಸಾಯಬಾರದೆಂದು ಸಂಜೆಹೊತ್ತು ಸಕ್ಕರೆ ನೀರು ಇಡುತ್ತಿದ್ದೆ. ಅದು ಬರಗಾಲದ ಗಂಜಿ. ಅದರಿಂದ ತುಂಬಿದ ಮೇಣದ ಎರಿಯನ್ನು ಹಿಂಡಿ ಮಾರುವವರು ಮಾರುವುದು ಸಕ್ಕರೆಯನ್ನೇ.

ತಂಗಿ ರುಕ್ಮಣಿಯ ಮಗಳ ಬಾಣಂತನಕ್ಕೆಂದು ನಾನು ತಿರುಪ್ಪೂರಿಗೆ ಹೋದಾಗ ಪೆಟ್ಟಿಗೆಗಳನ್ನು ನಿನಗೂ ನಿನ್ನ ಗಂಡ ಉಮಾಪತಿಗೂ ಒಪ್ಪಿಸಿದ್ದೆ. ಮರಳಿ ಬಂದಾಗ ಸಕ್ಕರೆ ಚೀಲ ಖಾಲಿ, ಪೆಟ್ಟಿಗೆಗಳಲ್ಲಿ ಜೇನು ತೆಗೆಯುವ ಮೇಲಿನ ಕೋಣೆಯ ಎರಿಗಳು ಬಸಿದಂತಿದ್ದವು. ಉಮಾಪತಿ ಒಳ್ಳೆಯ ಹುಡುಗ, ಕೇಳಿ ಕೇಳಿ ಕಲಿಯುವವನು. ಹೆಚ್ಚು ಸಕ್ಕರೆ ನೀರಿಟ್ಟರೆ ಹುಳುಗಳು ಅದನ್ನು ಮೇಲಿನ ಕೋಣೆಗೂ ತುಂಬುತ್ತವೆಯೇ ಅತ್ತೆ ಎಂದು ಕೇಳಿದ್ದ. ತುಂಬುತ್ತವಪ್ಪಾ ಎಂದಿದ್ದೆ. ಬರಿಗೈಯಲ್ಲಿ ಎರಿ ಹಿಡಿಸಿ, ಅತ್ತೆ ಸ್ವಲ್ಪ ನಗಿ ಎಂದು ಚೀಟಿಯ ಆ ಫೋಟೋ ತೆಗೆದವನೂ ಅವನೇ.

ಆದರೂ ಸಂತೆಯಲ್ಲಿ ಕೂತವಳು ನೀನು. ಫೋನು ಮಾಡಿ ಕೇಳಿದರೆ, ಅವರು ಬಸಿದು ತಂದರು, ನಾನು ತುಂಬಿದೆ ಅಷ್ಟೇ, ನಿನಗೆ ಎಲ್ಲದರಲ್ಲೂ ಸಂದೇಹ, ಸುಮ್ನಿರಮ್ಮಾ ಎಂದೆ ನೀನು. ಸುಮ್ಮನಿರುವುದು ನಮ್ಮ ಮನೆಯ ವಿದ್ಯೆಯಲ್ಲ. ನಿನ್ನ ತಾತ ಅಂಗಪ್ಪನ್ ಮಗ್ಗಕ್ಕೆ ಕೂರುತ್ತಿದ್ದ ಕಾಲದಲ್ಲಿ ಒಬ್ಬ ವ್ಯಾಪಾರಿ ಪವರ್‌ಲೂಮ್ ಸೀರೆಗೆ ಕೈಮಗ್ಗದ ಮುದ್ರೆ ಒತ್ತಿ ಮಾರಿದ. ತಾತ ಆ ಸೀರೆಯನ್ನು ಅವನ ಅಂಗಡಿಯ ಮುಂದೆಯೇ ಹರಡಿ, ಇದನ್ನು ನೇಯ್ದ ಕೈ ಯಾವುದು, ತೋರಿಸಯ್ಯಾ ಎಂದರು. ಅವನು ತೋರಿಸಲಿಲ್ಲ. ಆಮೇಲೆ ನಮಗೆ ನೂಲೂ ಕೊಡಲಿಲ್ಲ. ಆ ವರ್ಷದ ಹಸಿವು ನನಗಿನ್ನೂ ನೆನಪಿದೆ. ತಾತ ಕೇಳಿದ್ದು ತಪ್ಪೆಂದು ಮನೆಯಲ್ಲಿ ಯಾರೂ ಅನ್ನಲಿಲ್ಲ.

ನನಗೀಗ ಉಳಿದಿರುವುದು ಈ ಮುಖವೊಂದೇ. ಬೀದಿಯಲ್ಲಿ ಅದನ್ನು ಎತ್ತಿಕೊಂಡು ನಡೆಯಬೇಕು. ಬರುವ ಭಾನುವಾರ, ಅದೇ ಸಂತೆಯಲ್ಲಿ, ಎಲ್ಲರಿಗೂ ತಿಳಿಯುವ ತಮಿಳಿನಲ್ಲಿ, ಆ ಸೀಸೆಗಳಲ್ಲಿ ಏನಿತ್ತೆಂದು ನೀನು ಹೇಳಬೇಕು. ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ.

ಚೀಟಿಯ ಮೇಲೆ ನಗುತ್ತಿರುವವಳು,
ನಿನ್ನ ಅಮ್ಮ
ರಾಮಾಯಿ

ಮರೆತು ಉಳಿದದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ಮನೆಮಾತಾದರೂ ನಿನಗೆ ಕನ್ನಡ ಓದಲು ಬಾರದು. ಆ ಮನೆಯಲ್ಲಿ ಇದನ್ನು ಓದಬಲ್ಲವನು ನಿನ್ನ ಗಂಡನೊಬ್ಬನೇ. ತಮಿಳಿನಲ್ಲಿ ಬರೆಯಬಹುದಿತ್ತು, ಬರೆಯಲಿಲ್ಲ. ಸಹಿಯ ಕೆಳಗೂ ಬರಹವಿದೆ, ಅದನ್ನೂ ಓದಿಸಿಕೋ ಎಂದು ನಿನಗೆ ಫೋನಿನಲ್ಲಿ ಹೇಳಿಯೇ ಅಂಚೆಗೆ ಹಾಕುತ್ತೇನೆ. ಉಮಾಪತಿ, ಸಕ್ಕರೆ ನೀರಿನ ಮಾತು ಬಂದಲ್ಲಿ ಏನಾದರೂ ಹಾರಿಸಿದ್ದರೆ ಹಿಂದಕ್ಕೆ ಹೋಗಿ ಜೋರಾಗಿ ಓದಪ್ಪ. ಆಮೇಲೆ ಅವಳ ಮುಖ ನೋಡಿ ಹೇಳು: ಭಾನುವಾರ ಸಂತೆಯಲ್ಲಿ ಬಾಯಿ ತೆರೆಯಬೇಕಾದವರು ನನ್ನ ಮಗಳೋ, ನೀನೋ?