ಚಂದಮ್ಮನ ಮಾತು ನಾನು ಹೇಳಿದೆ

ಪುಣೆ,
೨ ಸೆಪ್ಟೆಂಬರ್ ೨೦೨೪

ನನ್ನ ಮುದ್ದು ಪೂರ್ವಾಗೆ,

ಧಾರವಾಡದಲ್ಲಿ ಇನ್ನೂ ಜಿಟಿಜಿಟಿ ಮಳೆ ಇರಬೇಕು, ನೀನು ಪಾಠ ಹೇಳಲು ಶಾಲೆಗೆ ಹೋಗುವಾಗ ಕೊಡೆ ಮರೆತು ತೊಯ್ಸಿಕೊಂಡು ಬರುತ್ತಿರಬೇಕು ಎಂದುಕೊಳ್ಳುತ್ತಲೇ ಬರೆಯಲು ಕುಳಿತಿದ್ದೇನೆ. ನಾನು ಆರಾಮಿದ್ದೇನೆ. ನನ್ನ ಚಿಂತೆ ಮಾಡಬೇಡ.

ನಮ್ಮ ಪತ್ರಗಳನ್ನು ಜೈಲಿನ ಕಚೇರಿಯವರು ಒಡೆದು ನೋಡುತ್ತಾರೆ. ಅದಕ್ಕೇ ಹಿಂದಿನ ಪತ್ರಗಳಲ್ಲಿ ಊಟ ಸರಿ, ನಿದ್ದೆ ಸರಿ ಎಂದಷ್ಟೇ ಇತ್ತು. ಇದನ್ನು ಮಾತ್ರ ನನ್ನ ವಕೀಲೆ ಮಂಜರಿ ಅವರು ತಾವೇ ಒಯ್ದು ಅಂಚೆಗೆ ಹಾಕುತ್ತಾರೆ. ಸರಕಾರದಿಂದ ಬಂದ ಪುಕ್ಕಟೆ ವಕೀಲೆಯಾದರೂ ಜೀವ ಇಟ್ಟು ಓಡಾಡುತ್ತಾರೆ. ನಾನು ಕೆಲಸಕ್ಕಿದ್ದ ವಾಕಡದ ಆ ಮನೆಯವರ ಬಂಗಾರದ ಪಾಟಲಿ ನಾನು ಕದ್ದಿಲ್ಲವೆಂದು ಮತ್ತೆ ಬರೆಯುವುದಿಲ್ಲ. ನಂಬುವುದಿದ್ದರೆ ನೀನು ಮೊದಲ ಸಲವೇ ನಂಬಿರುತ್ತೀ. ಜಾಮೀನು ಮಂಜೂರಾಗಿದೆ, ಜಾಮೀನಿಗೆ ನಿಲ್ಲುವವರು ಯಾರೂ ಇಲ್ಲ. ನಿನ್ನ ಮಾಮಾ ಬರುವುದಿಲ್ಲವೆಂದು ಗೊತ್ತು. ನಮ್ಮ ಬೀಗರಾಗುವವರ ಮುಂದೆ ನಾನು ಪುಣೆಯ ದೊಡ್ಡ ಮನೆಯೊಂದರಲ್ಲಿ ಅಡುಗೆಗಿದ್ದೇನೆ ಎಂದು ಹೇಳಿದ್ದಾನಂತೆ. ಹರಿಶ್ಚಂದ್ರನೆಂದು ಹೆಸರಿಟ್ಟುಕೊಂಡವನಿಗೂ ಇಂಥ ಪಾಳಿ ಬಂತು ನೋಡು. ಇರಲಿ. ದೀಪಾವಳಿ ಕಳೆದು ನಿನ್ನ ಅಕ್ಷತೆ ಬೀಳುವವರೆಗೆ ಆ ಸುಳ್ಳು ನಡೆಯಲಿ.

ಇವತ್ತು ನಿನಗೆ ಚಂದಮ್ಮನ ವಿಷಯ ಹೇಳಬೇಕು. ಹೇಳಲು ನನಗೆ ಬೇರೆ ಯಾರೂ ಇಲ್ಲ.

ನಮ್ಮ ಬ್ಯಾರಕಿನಲ್ಲಿ ಹೆಂಗಸರು ಎಷ್ಟು ಒತ್ತಾಗಿ ಮಲಗುತ್ತಾರೆಂದರೆ ಒಬ್ಬಳು ಮಗ್ಗುಲು ಬದಲಿಸಿದರೆ ಇಡೀ ಸಾಲು ಬದಲಿಸಬೇಕು. ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬರುತ್ತದೆ. ಅದರಲ್ಲೇ ಸ್ನಾನ, ಬಟ್ಟೆ, ಪಾಯಖಾನೆ ಎಲ್ಲ. ಇಷ್ಟು ಮಂದಿಯ ನಡುವೆ ಒಬ್ಬಂಟಿಯಾಗಿರುವುದು ಹೇಗೆ ಎಂದು ಕೇಳಬಹುದು ನೀನು. ಬೆನ್ನಿಗೆ ಬೆನ್ನು ತಾಗಿರುತ್ತದೆ, ಆದರೆ ಆ ಬೆನ್ನು ಯಾರದೆಂದು ಗೊತ್ತಿರುವುದಿಲ್ಲ. ಸುತ್ತಲೂ ಮರಾಠಿ, ಹಿಂದಿ. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ, ಆದರೆ ಅಳು ಬಂದರೆ ಬಾಯಿಗೆ ಬರುವುದು ನಮ್ಮ ಮಾತೇ.

ಬೇಸಿಗೆಯ ಕೊನೆಯಲ್ಲಿ ಒಬ್ಬ ಹೊಸ ಹುಡುಗಿ ಬಂದಳು. ಗೋಡೆಗೆ ಮುಖ ಮಾಡಿ ಮಲಗಿ, ‘ಎವ್ವಾ, ಎವ್ವಾ’ ಎಂದು ನರಳುತ್ತಿದ್ದಳು. ‘ಯಾವೂರಾಕಿ ಬೇ ನೀ?’ ಎಂದೆ. ಅವಳು ತಿರುಗಿ ನನ್ನ ಕೈ ಹಿಡಿದುಕೊಂಡಳು. ಆ ರಾತ್ರಿ ಅವಳ ಕೈ ಬಿಡಿಸಿಕೊಳ್ಳುವ ಮನಸ್ಸು ನನಗಾಗಲಿಲ್ಲ. ಯಾದಗಿರಿ ಕಡೆಯವಳು, ಹೆಸರು ಚಂದಮ್ಮ. ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ವಾಕಡದ ಕಡೆ ಕಟ್ಟಡದ ಕೆಲಸಕ್ಕೆ ಬಂದವಳು, ಕೂಲಿಯವರ ಬಡಿದಾಟದಲ್ಲಿ ಒಬ್ಬನ ತಲೆ ಒಡೆದಾಗ ಗಂಡನ ಜೊತೆ ಇವಳನ್ನೂ ಹಿಡಿದು ತಂದಿದ್ದರು. ಗಂಡನಿಗೆ ಬೇಗ ಜಾಮೀನಾಯಿತು, ಇವಳು ಉಳಿದಳು. ಕನ್ನಡ ಬಿಟ್ಟು ಬೇರೆ ಮಾತು ಬರದು.

ಕೆಲವು ದಿನಗಳಾದ ಮೇಲೆ ಗುಟ್ಟಾಗಿ ಹೇಳಿದಳು: ‘ಯಕ್ಕಾ, ರಕ್ತ ನಿಂದ್ರವಲ್ದು.’ ಕೊಟ್ಟ ಪ್ಯಾಡು ಎಂದೋ ಮುಗಿದಿತ್ತು, ಸೀರೆಯ ಸೆರಗು ಹರಿದು ಹರಿದು ಉಪಯೋಗಿಸುತ್ತಿದ್ದಳು. ತೊಳೆದ ಬಟ್ಟೆ ಒಣಹಾಕಲು ಜಾಗವಿಲ್ಲದೆ ಹಸಿಯದನ್ನೇ ಕಟ್ಟಿಕೊಳ್ಳುತ್ತಿದ್ದಳು. ನಾನು ಅವಳನ್ನು ಡಾಕ್ಟರ ಸಾಲಿನಲ್ಲಿ ನಿಲ್ಲಿಸಿದೆ. ಗಂಡಸು ಡಾಕ್ಟರು, ಮೇಜಿನ ಆಚೆಯಿಂದಲೇ ಹಿಂದಿಯಲ್ಲಿ ಏನಾಗಿದೆ ಎಂದು ಕೇಳಿದರು. ಚಂದಮ್ಮ ನೆಲ ನೋಡುತ್ತ ನಿಂತಳು. ನಾನು ಮರಾಠಿಯಲ್ಲಿ ಹೇಳಿದೆ. ಹೆಂಗಸರಿಗೆ ಇದು ಇದ್ದದ್ದೇ ಎಂದು ಒಂದು ಗುಳಿಗೆ ಬರೆದರು. ಕೆಟ್ಟ ಮನುಷ್ಯನಲ್ಲ ಪೂರ್ವಾ, ಗಂಡಸರ ಕಡೆಯ ಸಾಲನ್ನೂ ಅವರೊಬ್ಬರೇ ಮುಗಿಸಬೇಕು. ಆದರೆ ಅವಳನ್ನು ಮುಟ್ಟಿ ನೋಡಲಿಲ್ಲ. ಮುಂದಿನ ಸಲ ಹೋದಾಗ ದೊಡ್ಡ ಆಸ್ಪತ್ರೆಗೆ ಕಳಿಸಲು ಚೀಟಿ ಬರೆದರು. ಆಮೇಲೆ ದಿನಾ ಒಂದೇ ಉತ್ತರ: ಜೊತೆಗೆ ಕಳಿಸಲು ಪೊಲೀಸರಿಲ್ಲ, ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ನೋಡೋಣ. ಆ ನಾಳೆ ಬರಲೇ ಇಲ್ಲ. ಚಂದಮ್ಮ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಳು. ಬಟ್ಟಲು ಎತ್ತಲೂ ಆಗುತ್ತಿರಲಿಲ್ಲ. ನಾನೇ ಅನ್ನ ಕಲಸಿ ತಿನ್ನಿಸುತ್ತಿದ್ದೆ.

ಅಷ್ಟರಲ್ಲಿ ನ್ಯಾಯಾಧೀಶರೊಬ್ಬರು ಜೈಲು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಒಮ್ಮೆಲೇ ಫಿನಾಯಿಲ್ ವಾಸನೆ, ಹೊಸ ಬಕೆಟ್ಟು. ಹಿಂದಿನ ಸಂಜೆ ಕಾವಲಿನ ಹೆಂಗಸು ಬಂದು, ಕೇಳಿದರೆ ಎಲ್ಲ ಠೀಕ ಇದೆ ಎನ್ನಬೇಕು ಎಂದು ಎಲ್ಲರಿಗೂ ಹೇಳಿದಳು. ನನ್ನನ್ನು ಬೇರೆ ಕರೆದು, ನೀವು ಅಡುಗೆಮನೆಯ ಕೆಲಸದಲ್ಲಿ ಸುಖವಾಗಿದ್ದೀರಿ, ಅದನ್ನು ಕೆಡಿಸಿಕೊಳ್ಳಬೇಡಿ ಎಂದಳು. ನಿಜ. ಜೈಲಿನಲ್ಲಿ ಅಡುಗೆಮನೆಯೆಂದರೆ ದೊಡ್ಡ ಭಾಗ್ಯ. ಬೆಚ್ಚನೆಯ ಒಲೆ, ಒಂದು ಲೋಟ ಹೆಚ್ಚಿನ ಚಹಾ, ಹಿಟ್ಟು ನಾದುವಾಗ ಮನೆಯಲ್ಲಿದ್ದೇನೆ ಎನ್ನುವ ಭ್ರಮೆ. ರಾತ್ರಿಯೆಲ್ಲ ನಾನು ಸುಮ್ಮನಿರಬೇಕೆಂದೇ ನಿಶ್ಚಯಿಸಿದ್ದೆ.

ನ್ಯಾಯಾಧೀಶರು ಹೆಂಗಸು, ನನ್ನ ವಯಸ್ಸಿನವರೇ. ಸಾಲಿನ ಮುಂದೆ ನಡೆಯುತ್ತ ತೊಂದರೆ ಇದೆಯೇ ಎಂದು ಕೇಳಿದರು. ಎಲ್ಲರೂ ಇಲ್ಲ ಎಂದರು. ನನ್ನನ್ನು ಕೇಳಿದಾಗ ನಾನೂ ಇಲ್ಲ ಎಂದೆ. ಆಮೇಲೆ ಚಂದಮ್ಮನ ಮುಂದೆ ನಿಂತರು. ಅವಳಿಗೆ ಪ್ರಶ್ನೆ ತಿಳಿಯಲಿಲ್ಲ, ಆದರೆ ಇವರು ದೊಡ್ಡವರೆಂದು ತಿಳಿಯಿತು. ಕೈಮುಗಿದು ಕನ್ನಡದಲ್ಲೇ ಹೇಳತೊಡಗಿದಳು: ‘ಎವ್ವಾ, ಹ್ವಾದ ಹುಣ್ಣಿಮಿಗಿ ಸುರು ಆಗ್ಯಾದ, ಈ ಹುಣ್ಣಿಮಿ ಬಂದರೂ ನಿಂತಿಲ್ಲ. ನಾ ಸಾಯ್ತೀನೇನೋ.’ ಅಧಿಕಾರಿಯೊಬ್ಬರು, ಊರಿಗೆ ಕಳಿಸಿ ಎನ್ನುತ್ತಿದ್ದಾಳೆ ಎಂದು ತಾವೇ ಅರ್ಥ ಹೇಳಿದರು. ನ್ಯಾಯಾಧೀಶರು ತಲೆಯಾಡಿಸಿ ಮುಂದೆ ಹೆಜ್ಜೆ ಹಾಕಿದರು.

ಆಗ ನನ್ನ ಬಾಯಿಂದ ಮಾತು ಬಂದೇಬಿಟ್ಟಿತು. ‘ಅವಳು ಹೇಳಿದ್ದು ಅದಲ್ಲ’ ಎಂದು ಮರಾಠಿಯಲ್ಲಿ ಅಂದೆ. ಅವರು ಹಿಂದಿರುಗಿ ಬಂದರು. ಚಂದಮ್ಮನ ಮಾತನ್ನು ಒಂದೂ ಬಿಡದೆ ಹೇಳಿದೆ. ಹರಿದ ಸೀರೆಯ ವಿಷಯ, ಚೀಟಿ ಬರೆದು ಮೂಲೆಗೆ ಬಿದ್ದ ವಿಷಯ ನನ್ನದಾಗಿ ಸೇರಿಸಿದೆ. ಕಾವಲಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಆದರೂ ನಾನು ನಿಲ್ಲಿಸಲಿಲ್ಲ.

ಅದೇ ಮಧ್ಯಾಹ್ನ ಪೊಲೀಸರು ಸಿಕ್ಕರು, ಗಾಡಿಯೂ ಸಿಕ್ಕಿತು. ಅವಳ ಮಾತು ತಿಳಿಯುವವಳು ನಾನೊಬ್ಬಳೇ ಎಂದು ನನ್ನನ್ನೂ ಜೊತೆಗೆ ಕಳಿಸಲು ನ್ಯಾಯಾಧೀಶರು ಹೇಳಿದ್ದರು. ಮೊದಲ ಆಸ್ಪತ್ರೆಯಲ್ಲಿ ಹೊಟ್ಟೆ ನೋಡುವ ಯಂತ್ರ ಕೆಟ್ಟಿತ್ತು, ಇನ್ನೊಂದಕ್ಕೆ ಹೊರಟೆವು. ಸ್ವಾರಗೇಟ ಬಸ್ ನಿಲ್ದಾಣ ದಾಟುವಾಗ ಗಾಡಿಯ ಕಿಟಕಿಯ ಜಾಲರಿಯಿಂದ ಹೊರಗೆ ನೋಡಿದೆ. ಹುಬ್ಬಳ್ಳಿ–ಧಾರವಾಡ ಎಂದು ಕನ್ನಡದಲ್ಲಿ ಬರೆದ ಬಸ್ಸು ನಿಂತಿತ್ತು. ಕಂಡಕ್ಟರು ಯಾರನ್ನೋ ‘ಲಗೂ ಹತ್ರೀ’ ಎಂದು ಕರೆಯುತ್ತಿದ್ದ. ಅವನು ನನಗೇ ಹೇಳಿದನೆನಿಸಿ ಒಂದು ಕ್ಷಣ ಎದ್ದು ನಿಂತೆ. ಪೊಲೀಸಿನ ಹುಡುಗಿ ಕೈ ಹಿಡಿದು ಕೂರಿಸಿದಳು, ಬೈಯಲಿಲ್ಲ.

ಚಂದಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆ ಇತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಚಿಕ್ಕ ವಯಸ್ಸಿನ ಹೆಂಗಸು, ಚಂದಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. ಇಷ್ಟು ದಿನಗಳಲ್ಲಿ ಅವಳನ್ನು ಮುಟ್ಟಿ ನೋಡಿದವರು ಅವರೇ ಮೊದಲಿಗರು. ರಕ್ತ ಕೊಟ್ಟರು, ಗಡ್ಡೆ ತೆಗೆದರು, ಗರ್ಭಕೋಶ ಉಳಿಸಿದರು. ‘ಮುಂದ ಕೂಸು ಆಗ್ತದಂತ’ ಎಂದು ನಾನು ಕಿವಿಯಲ್ಲಿ ಹೇಳಿದಾಗ ಆ ಹುಡುಗಿ ಅತ್ತಳು. ಆಮೇಲೆ ಅವಳಿಗೆ ಜಾಮೀನೂ ಆಯಿತು. ಗಂಡ ಬಂದು ಆಸ್ಪತ್ರೆಯಿಂದಲೇ ಊರಿಗೆ ಕರೆದೊಯ್ದ. ನನಗೆ ಹೇಳಿ ಹೋಗಲು ಯಾರು ಬಿಡುತ್ತಾರೆ? ಹೋದಳೆಂದು ನನಗೆ ತಿಳಿದದ್ದೇ ಮಂಜರಿಯವರಿಂದ.

ಜೈಲಿಗೆ ಮರಳಿದ ಮೇಲೆ ನನ್ನನ್ನು ಅಡುಗೆಮನೆಯಿಂದ ತೆಗೆದು ಪಾಯಖಾನೆ ತೊಳೆಯುವ ಕೆಲಸಕ್ಕೆ ಹಾಕಿದರು. ಅದರ ದುಃಖ ಹೆಚ್ಚೇನಿಲ್ಲ. ಬ್ಯಾರಕಿನ ಹೆಂಗಸರು ಮಾತ್ರ ನನ್ನಿಂದ ಸ್ವಲ್ಪ ದೂರ ಸರಿದರು, ನನ್ನ ಜೊತೆ ಕಂಡರೆ ತಮಗೂ ಕಷ್ಟವೆಂಬ ಹೆದರಿಕೆ. ಮಲಗುವಾಗ ನನ್ನ ಪಕ್ಕದಲ್ಲಿ ಮೊದಲ ಬಾರಿಗೆ ಜಾಗ ಉಳಿಯತೊಡಗಿತು. ಕಾಲು ಚಾಚಬಹುದಿತ್ತು. ಚಾಚಲಾಗಲಿಲ್ಲ, ಚಂದಮ್ಮ ಮಲಗುತ್ತಿದ್ದ ಕಡೆ ತಿರುಗಿ ಸುಮ್ಮನೆ ಮಲಗುತ್ತಿದ್ದೆ. ಮಾತಾಡಲು ಕನ್ನಡದವರು ಯಾರೂ ಇಲ್ಲದೆ ಒಮ್ಮೊಮ್ಮೆ ನಿನ್ನ ಹೆಸರನ್ನೇ ಮೆಲ್ಲಗೆ ಅಂದುಕೊಳ್ಳುತ್ತೇನೆ.

ಈಗ ಸಂಜೆಯಾಯಿತು. ಗಣಪತಿಗೆ ಢೋಲು ಬಾರಿಸುವ ಹುಡುಗರ ತಾಲೀಮು ದೂರದಿಂದ ಕೇಳುತ್ತಿದೆ. ಮದುವೆಗೆ ಯಾವ ಬಣ್ಣದ ಸೀರೆ ತೆಗೆದರು ಎಂದು ಬರೆ. ಮಾಮಾನ ಮೇಲೆ ಸಿಟ್ಟು ಮಾಡಬೇಡ, ಅವನು ನಿನ್ನ ಒಳ್ಳೆಯದಕ್ಕೇ ಮಾಡುತ್ತಾನೆ. ಉಪವಾಸವಿದ್ದು ಶಾಲೆಗೆ ಹೋಗಬೇಡ.

ಸದಾ ನಿನ್ನನ್ನೇ ನೆನೆಯುವ,
ಅವ್ವ
ಅನುಸೂಯಾ

ತಾ.ಕ.: ಬರೆಯಬಾರದೆಂದಿದ್ದೆ, ಮಂಜರಿಯವರು ಬರೆಯದಿದ್ದರೆ ಪತ್ರ ಒಯ್ಯುವುದಿಲ್ಲ ಎನ್ನುತ್ತಿದ್ದಾರೆ. ಇದನ್ನು ನಾನು ಜೈಲಿನಿಂದ ಬರೆದಿಲ್ಲ, ಅದೇ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಬರೆದಿದ್ದೇನೆ. ಚಂದಮ್ಮನ ಪಕ್ಕ ನಿಂತಿದ್ದಾಗ ಆ ಡಾಕ್ಟರು, ಮೌಶಿ, ನಿಮ್ಮ ಎಡಗೈ ಯಾಕೆ ಮೇಲೇಳುತ್ತಿಲ್ಲ ಎಂದು ಕೇಳಿ ನನ್ನನ್ನೂ ಪರೀಕ್ಷಿಸಿದರು. ಎದೆಯಲ್ಲಿ ಗಂಟಿರುವುದು ನನಗೆ ಯುಗಾದಿಯಿಂದಲೇ ಗೊತ್ತಿತ್ತು. ಅದಕ್ಕೇ ಈಗ ನನ್ನನ್ನೂ ಇಲ್ಲಿ ಸೇರಿಸಿದ್ದಾರೆ, ಮುಂದಿನ ವಾರ ಆಪರೇಶನ್. ಸಹಿ ನಾನೇ ಹಾಕಿದ್ದೇನೆ. ಆದರೆ ಮನೆಯವರು ಯಾರು ಎಂದು ನರ್ಸ್ ಕೇಳಿದಾಗ ನಿನ್ನ ಹೆಸರು, ನಿನ್ನ ಫೋನ್ ನಂಬರ್ ಕೊಟ್ಟುಬಿಟ್ಟೆ. ಪುಣೆಯಿಂದ ಕರೆ ಬಂದಾಗ ಬೀಗರು ಎದುರಿಗೇ ಕುಳಿತಿದ್ದರೆ, ಯಾರೋ ಗುರುತಿಲ್ಲದವರು ಎಂದು ಹೇಳು, ನನಗೆ ಬೇಸರವಿಲ್ಲ. ಆದರೆ ಫೋನ್ ಎತ್ತು, ಪೂರ್ವಾ.