ಬಂದೂಕಿಲ್ಲದ ವಿಳಾಸ

ಹಾಲ್ಟರ್ ಕ್ರೀಕ್, ಐಡಹೋ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮ ವೇಡ್,

ಹಲ್ಲುನೋವು ಹೇಗಿದೆ? ಕಳೆದ ಸಲ ಫೋನಿನಲ್ಲಿ ನೀನು ಅರ್ಧ ಬಾಯಲ್ಲೇ ಮಾತಾಡುತ್ತಿದ್ದಂತೆ ಅನ್ನಿಸಿತು. ಜೈಲಿಗೆ ದಂತವೈದ್ಯರು ಬಂದಾಗ ಧೈರ್ಯ ತೋರಿಸಲು ಹೋಗಿ ಸುಮ್ಮನಿರಬೇಡ, ಕೀಳಿಸಿಕೊ. ಅಮ್ಮನ ಮೊಣಕಾಲು ಹಾಗೇ ಇದೆ; ಬಾಯಿ ಅದಕ್ಕಿಂತ ಗಟ್ಟಿಯಾಗಿದೆ. ನನ್ನ ಬಲ ಮಣಿಕಟ್ಟು ಚಳಿಗೆ ಬಿಗಿಯುತ್ತದೆ, ಆದರೂ ಶಾಲೆಯ ಬಸ್ಸು ಓಡಿಸಲು ತೊಂದರೆಯಿಲ್ಲ. ಹೊಲಗಳೆಲ್ಲ ಇನ್ನೂ ಕೆಸರು. ನಿನ್ನ ಕೋಣೆಗೆ ಅಮ್ಮ ಹಸಿರು ಬಣ್ಣ ಬಳಿಸಿದ್ದಾಳೆ. ಆಸ್ಪತ್ರೆಯ ಹಸಿರು ಅಂದೆ. “ಎಳೇ ಗೋಧಿ ಬಣ್ಣ ಕಣೇ ಅದು. ಅವನು ಗೋಡೆ ನೋಡಿ ನೋಡಿ ಬರ್ತಿದಾನೆ, ಇನ್ನು ಹೊಲ ನೋಡ್ಲಿ,” ಅಂದಳು.

ನನ್ನ ಬಂದೂಕು ಯಾವುದೆಂದು ನೀನು ಕೇಳಿದ್ದೆ. ಪತ್ರಗಳನ್ನು ಮೊದಲು ಓದುವ ಅಲ್ಲಿನ ಅಧಿಕಾರಿಗಳೂ ಓದಿಕೊಳ್ಳಲಿ, ಮುಚ್ಚಿಡುವಂಥದ್ದೇನಿಲ್ಲ. ಅದು ಕಾರ್ಬೈನ್. ಗಿಡ್ಡ ಬಂದೂಕು, ಆದರೆ ಹಾರಿಸುವುದು ಪಿಸ್ತೂಲಿನ ಗುಂಡು. ಆರ್ವಿಲ್‌ನ ಬಂದೂಕಿನ ಅಂಗಡಿಗೆ ಹೋದಾಗ ನಾನು ಪಿಸ್ತೂಲೇ ಬೇಕೆಂದಿದ್ದೆ. ಅವನು ಒಂದನ್ನು ಖಾಲಿ ಮಾಡಿ ನನ್ನ ಕೈಗಿಟ್ಟು, “ಹಿಡ್ಕೊಂಡೇ ಇರು ಮಗಳೇ, ನಾನ್ ಕಾಫಿ ತರ್ತೀನಿ,” ಎಂದು ಒಳಗೆ ಹೋದ. ಅವನು ಬರುವಷ್ಟರಲ್ಲಿ ನನ್ನ ಮಣಿಕಟ್ಟು ಸೋತು ಪಿಸ್ತೂಲಿನ ಮೂತಿ ನೆಲ ನೋಡುತ್ತಿತ್ತು. ಅವನು ಅದನ್ನು ತೆಗೆದಿಟ್ಟ. ದೊಡ್ಡ ಗುಂಡಿನ ಬಂದೂಕು ಹಾರಿಸಿದಾಗ ಭುಜಕ್ಕೆ ಕೊಡುವ ಒದೆ ನನಗೆ ಬೇಡವೆಂದು ಅವನಿಗೂ ಗೊತ್ತಿತ್ತು. ಕಾರ್ಬೈನನ್ನು ಭುಜಕ್ಕೊತ್ತಿ, ಕೆನ್ನೆ ಆನಿಸಿ, ಎರಡೂ ಕೈಯಲ್ಲಿ ಹಿಡಿಯಬಹುದು. ಒದೆಯೂ ಕಡಿಮೆ, ಸದ್ದೂ ಕಡಿಮೆ.

ಅಂಗಡಿಯಲ್ಲಿ ಚಳಿ ಕಾಯಿಸುವ ಸ್ಟೋವಿನ ಪಕ್ಕ ದಿನವಿಡೀ ಕೂರುವ ಡಾನ್ ಸುಮ್ಮನಿದ್ದಾನೆಯೇ? “ಅಯ್ಯೋ ಮಾರ್ಲಾ, ಅದು ಹೇಸರಗತ್ತೆ ಕಣಮ್ಮ. ಅಪ್ಪ ಪಿಸ್ತೂಲು, ಅಮ್ಮ ರೈಫಲ್ಲು. ಎರಡರ ಕೆಲ್ಸಾನೂ ಬರಲ್ಲ ಅದಕ್ಕೆ,” ಅಂದ. ಆರ್ವಿಲ್ ತಲೆಯೆತ್ತದೆ, “ಹೇಸರಗತ್ತೆ ಬೆಟ್ಟ ಹತ್ತುತ್ತೆ ಡಾನ್. ಹೋದ್ ವರ್ಷ ನಿನ್ ಕುದುರೇನ ಕೆಳಗಿಳಿಸೋಕೆ ಎಷ್ಟು ಜನ ಬೇಕಾಯ್ತು?” ಎಂದು ಕೇಳಿದ. ನಾನು ನಕ್ಕೆ. ಕರ್ಟ್‌ನ ಜೊತೆಗಿನ ಸಂಸಾರ ಬಿಟ್ಟು ಬಂದ ಮೇಲೆ ಹೊರಗೆ, ಗಂಡಸರ ನಡುವೆ ನಿಂತು ನಕ್ಕಿದ್ದು ಅದೇ ಮೊದಲು.

ಆಯ್ಕೆಗೆ ಇಡೀ ಮಧ್ಯಾಹ್ನ ಹಿಡಿಯಿತು. ಬ್ಯಾಗಿನೊಳಗೆ ಹಿಡಿಯುವಂತೆ ಮಡಚುವುದೊಂದಿತ್ತು. ಕತ್ತಲೆಯಲ್ಲಿ ಅದನ್ನು ಬಿಡಿಸುವ ಸಹನೆ ನನಗಿರುವುದಿಲ್ಲ ಎಂದು ಬಿಟ್ಟೆ. ಇನ್ನೊಂದು ನೋಡಲು ಚೆಂದ, ಆದರೆ ಗುಂಡು ಒಳಕ್ಕೇರಿಸುವ ಹಿಡಿ ಬಲಗಡೆ, ಅದರ ಸ್ಪ್ರಿಂಗೋ ಹಟಮಾರಿ ಕರುವಿನಂತೆ. “ಕಣ್ಮುಚ್ಕೊಂಡು ಎಳಿ. ಕೈ ಏನ್ ಹೇಳುತ್ತೆ ಕೇಳು, ಕಣ್ಣಿನ ಮಾತು ಕೇಳ್ಬೇಡ,” ಅಂದ ಆರ್ವಿಲ್. ಕೊನೆಗೆ ಎಡಗೈಯಿಂದ ಎಳೆಯಬಲ್ಲದ್ದನ್ನು ಆರಿಸಿದೆ. ಅಂಕೆ ಒತ್ತಿದರೆ ತೆರೆಯುವ ಕಬ್ಬಿಣದ ಪೆಟ್ಟಿಗೆಯೊಂದನ್ನೂ ತಂದೆ. ನಮ್ಮ ಮನೆಯ ಒಳಗೋಡೆಗಳು ಗುಂಡು ತಡೆಯುವಂಥವಲ್ಲ. ಹಾಗಾಗಿ ಬಾಗಿಲಿಗೆ ಗುರಿಯಿಟ್ಟರೆ ಅದರ ಹಿಂದೆ ಯಾರು ಮಲಗಿರುತ್ತಾರೆ ಎಂದು ಲೆಕ್ಕ ಹಾಕಿ ಅಮ್ಮನ ಮಂಚವನ್ನು ಕೋಣೆಯ ಇನ್ನೊಂದು ಬದಿಗೆ ಸರಿಸಿದೆ. ಕಿಟಕಿಯ ಗಾಳಿ ಮೊಣಕಾಲಿಗೆ ಒಳ್ಳೆಯದಲ್ಲ ಎಂದು ಅವಳಿಗೆ ಕಾರಣ ಕೊಟ್ಟೆ. ಭಾನುವಾರ ಚರ್ಚು ಮುಗಿದ ಮೇಲೆ ಪಕ್ಕದ ಮನೆಯ ವಾಂಡಾ ಜೊತೆ ಜಲ್ಲಿಗುಂಡಿಗೆ ಹೋಗಿ ಕಾಗದದ ತಟ್ಟೆಗಳಿಗೆ ಹೊಡೆಯುವುದನ್ನು ಕಲಿತೆ. ತಟ್ಟೆಯ ನಡುವೆ ತೂತು ಬಿದ್ದಾಗ ವಾಂಡಾ, “ಹೂಂ, ಇದ್ರಲ್ಲಿನ್ನು ಆಲೂಗಡ್ಡೆ ಸಲಾಡ್ ನಿಲ್ಲಲ್ಲ,” ಅನ್ನುತ್ತಿದ್ದಳು.

ಇದ್ದುದನ್ನು ಇದ್ದಂತೆ ಹೇಳಬೇಕೆಂದರೆ, ಬಂದೂಕು ತಂದ ಮೇಲೆ ಧೈರ್ಯ ಬಂತು ಎನ್ನಲಾರೆ. ನಿದ್ದೆ ಬಂತು, ಅಷ್ಟೇ. ಅದರ ಬದಲಿಗೆ ಮನೆ ಚಿಕ್ಕದಾಯಿತು. ನನ್ನ ಕುರ್ಚಿ ಈಗ ಬಾಗಿಲ ಕಡೆಗೇ ಮುಖ ಮಾಡಿದೆ. ಪೆಟ್ಟಿಗೆಯಿಂದ ಬಹಳ ದೂರವಿದ್ದೇನೆ ಅನ್ನಿಸಿ ಹಿತ್ತಲಲ್ಲಿ ಒಗೆದ ಬಟ್ಟೆ ಹರವುವುದನ್ನೂ ಬಿಟ್ಟೆ.

ಈಗ ನಿನ್ನ ವಿಷಯ. ಶಿಕ್ಷೆ ಮುಗಿಯುವ ಮೊದಲೇ ಪೆರೋಲಿನ ಮೇಲೆ ಬಿಡುಗಡೆಯಾದವನು ಮಲಗುವ ಮನೆಯಲ್ಲಿ ಬಂದೂಕಿರಬಾರದು, ಒಂದು ಗುಂಡೂ ಇರಬಾರದು. ಅದು ಯಾರದ್ದಾದರೂ ಸರಿ, ಬೀಗದೊಳಗಿದ್ದರೂ ಸರಿ. ಅದು ನಿನಗೂ ಗೊತ್ತು. ಹೋದ ತಿಂಗಳು ನಾನು ಕಾರ್ಬೈನನ್ನು ಪೆಟ್ಟಿಗೆಯ ಸಮೇತ ವಾಂಡಾ ಮನೆಗೆ ಸಾಗಿಸಿದೆ. ಅಪ್ಪನ ಎರಡು ಬೇಟೆ ಬಂದೂಕುಗಳನ್ನು ಆರ್ವಿಲ್ ಬಂದು ಒಯ್ದ. ಅಮ್ಮ ಮನೆಯೆಲ್ಲ ಗುಡಿಸಿ ಒರೆಸಿ, ಆ್ಯಪಲ್ ಪೈ ಮಾಡಿಟ್ಟು, ಮನೆ ತಪಾಸಣೆಗೆ ಬರುವ ಪೆರೋಲ್ ಅಧಿಕಾರಿ ಮಿಸೆಸ್ ಹಾಲ್ಬರ್ಟ್ ಅವರಿಗೆ ಕಾದಳು. ಅವರು ಕಪಾಟು ನೋಡಿದರು, ಮಂಚದಡಿ ನೋಡಿದರು, ಕೊಟ್ಟಿಗೆಗೂ ಹೋಗಿಬಂದರು. ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಅವರ ಪೆನ್ನಿನ ಶಾಯಿ ಮುಗಿಯಿತು. “ಆ ಡ್ರಾಯರ್‌ನಲ್ಲಿ ಇದೆ, ತಗೊಳಿ,” ಎಂದಳು ಅಮ್ಮ. ಸ್ಟೋವಿನ ಪಕ್ಕದ ಡ್ರಾಯರು. ರಬ್ಬರ್ ಬ್ಯಾಂಡು, ಹುಟ್ಟುಹಬ್ಬದ ಮೇಣದಬತ್ತಿ, ದಾರ, ಅದರ ನಡುವೆ ಅಪ್ಪನ ಕಾಲದ ಅಳಿಲುಬೇಟೆಯ ಗುಂಡುಗಳು. ಮಿಸೆಸ್ ಹಾಲ್ಬರ್ಟ್ ಅವುಗಳನ್ನು ಅಂಗೈ ಮೇಲಿಟ್ಟುಕೊಂಡು, “ಇದೇನಮ್ಮ?” ಎಂದರು. ಅಮ್ಮ ಪ್ರಾಮಾಣಿಕವಾಗಿ, “ಅದಾ? ಅದು ಯಾವಾಗ್ಲೂ ಅಲ್ಲೇ ಇರುತ್ತೆ,” ಅಂದಳು.

ನಗಬೇಡ. ನಾನೂ ಆ ಡ್ರಾಯರನ್ನು ದಿನಾ ತೆಗೆಯುತ್ತಿದ್ದೆ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಈ ಊರಿನ ಯಾವ ಮನೆಯ ಡ್ರಾಯರಿನಲ್ಲಿ ಇಲ್ಲ ಹೇಳು. ಮಿಸೆಸ್ ಹಾಲ್ಬರ್ಟ್ ಕೆಟ್ಟವರಲ್ಲ. ಪೈ ತಿನ್ನಲಿಲ್ಲ, ಆದರೆ ಇನ್ನೊಂದು ಅವಕಾಶ ಕೊಟ್ಟರು. ಅವರು ಹೋದ ಮೇಲೆ ಅಮ್ಮ, ನಾನು ಮನೆಯನ್ನು ತಲೆಕೆಳಗು ಮಾಡಿದೆವು. ಅಪ್ಪನ ಕೋಟಿನ ಜೇಬು, ಟ್ರಕ್ಕಿನ ಬೂದಿತಟ್ಟೆ, ಮೀನುಗಾಳದ ಡಬ್ಬಿ, ಎಲ್ಲೆಲ್ಲೂ. ಅಮ್ಮ ಅಂಗಿಯ ಗುಂಡಿಗಳನ್ನಿಡುವ ಸೀಸೆಯಲ್ಲೂ ಒಂದು ಗುಂಡು ಸಿಕ್ಕಿತು. “ಸತ್ತ ಮೇಲೂ ನಿಮ್ಮಪ್ಪ ಮನೆ ತುಂಬ ಚೆಲ್ಕೊಂಡೇ ಇದಾನೆ,” ಎಂದು ಅಮ್ಮ ಬೈದಳು, ಆಮೇಲೆ ಕೋಟನ್ನು ಮೂಸಿ ನೋಡಿ ಮತ್ತೆ ನೇತುಹಾಕಿದಳು.

ಆದರೆ ಊರು ಗೊತ್ತಲ್ಲ. ಕೆಫೆಯ ಡಾಟೀ ತಟ್ಟೆ ಇಡುತ್ತಲೇ, “ಏನ್ರೇ, ನಿಮ್ಮನೇಲೀಗ ಪಟಾಕೀನೂ ಇಲ್ವಂತೆ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಅವಳದು ತಮಾಷೆ. ಹಿಂದಿನ ಮೇಜಿನಲ್ಲಿ ಕರ್ಟ್‌ನ ಚಿಕ್ಕಪ್ಪ ಕೂತಿದ್ದ. ಆ ವಾರವೇ ಕರ್ಟ್‌ನ ಪಿಕಪ್ಪು ನಮ್ಮ ರಸ್ತೆಯಾಚೆ ಧಾನ್ಯದ ಗೋದಾಮಿನ ಅಂಗಳದಲ್ಲಿ ನಿಂತಿತ್ತು. ನನ್ನ ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಅವನಿಗೆ ಗೊತ್ತುಮಾಡಿದ ದೂರಕ್ಕಿಂತ ಒಂದು ಟ್ರಕ್ಕಿನುದ್ದ ಆಚೆ. ಶೆರೀಫರ ಪೊಲೀಸ್ ಕಚೇರಿಗೆ ಫೋನು ಮಾಡಿದೆ. ಅಲ್ಲಿಂದ ಕಾರು ಬರಲು ಮುಕ್ಕಾಲು ಗಂಟೆ. ಬಂದಾಗ ಅವನು ಗೋದಾಮಿನವರ ಹತ್ತಿರ ಬೀಜದ ಮಾತಾಡುತ್ತಿದ್ದನಂತೆ. ಶುಕ್ರವಾರ ಪೆಟ್ರೋಲ್ ಬಂಕಿನಲ್ಲಿ ಎದುರಾದ. ಹತ್ತಿರ ಬರಲಿಲ್ಲ. ಅಲ್ಲಿಂದಲೇ, “ತಮ್ಮನಿಗೋಸ್ಕರ ಮನೆ ಚೊಕ್ಕ ಮಾಡಿದೀಯಂತೆ, ಒಳ್ಳೇದು,” ಅಂದ. ಮುರಿದ ದವಡೆ ಕೂಡಿಕೊಂಡಿದೆ. ಮಾತಾಡುವಾಗ ಬಾಯಿ ಸ್ವಲ್ಪ ಓರೆಯಾಗುತ್ತದೆ.

ಅವನು ನನ್ನ ಮಣಿಕಟ್ಟು ಮುರಿದ ಮರುದಿನ ನೀನು ಅವನ ದವಡೆ ಮುರಿದೆ. ನಿನ್ನ ಕೈಯಲ್ಲಿ ಕಬ್ಬಿಣದ ಸಲಾಕೆ ಇದ್ದುದರಿಂದ ನ್ಯಾಯಾಧೀಶರ ತಕ್ಕಡಿಯಲ್ಲಿ ನಿನ್ನದೇ ಭಾರವಾಯಿತು. ನೀನು ಅಲ್ಲಿರುವುದು ನನ್ನಿಂದ. ನೀನು ಒಮ್ಮೆಯೂ ಹಾಗಂದಿಲ್ಲ. ಅಮ್ಮನೂ ಬಾಯಿಬಿಟ್ಟು ಹೇಳಿಲ್ಲ. “ವೇಡ್ ಮನೇಲಿದ್ರೆ ನಿನಗೆ ಆ ಬಂದೂಕು ಯಾಕೆ ಬೇಕು?” ಎಂದು ಮಾತ್ರ ಕೇಳುತ್ತಾಳೆ. ಅವಳು ಹೇಳುವುದೂ ಸರಿಯಿರಬಹುದು. ಗುರುವಾರ ಮಿಸೆಸ್ ಹಾಲ್ಬರ್ಟ್ ಮತ್ತೆ ಬರುತ್ತಾರೆ. ಈ ಸಲ ಅಮ್ಮ ಲಿಂಬೆಹಣ್ಣಿನ ಕೇಕು ಮಾಡುತ್ತಾಳಂತೆ. ಪೈ ತಿನ್ನದವರು ಕೇಕಿಗೆ ಬಗ್ಗುತ್ತಾರೆ ಎಂಬುದು ಅವಳ ನಂಬಿಕೆ.

ವಾಂಡಾ ನಿನ್ನ ಕ್ಷೇಮ ವಿಚಾರಿಸಿದ್ದಾಳೆ. ಡಾನ್ ಕೂಡ, ಒಂದು ಬೈಗುಳದ ಜೊತೆಗೆ. ಚೆನ್ನಾಗಿ ಉಣ್ಣು, ಯಾರ ತಂಟೆಗೂ ಹೋಗಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಮಾರ್ಲಾ

ಮರೆತ ಮಾತು: ಮೇಲಿನದನ್ನೆಲ್ಲ ಅಮ್ಮ ಓದಿದ್ದಾಳೆ, ಇದನ್ನು ಓದಿಲ್ಲ. ಅಂಚೆ ಕಚೇರಿಗೆ ಹೊರಟು ಹೊರಗೆ ಟ್ರಕ್ಕಿನ ಹಾರ್ನ್ ಒತ್ತುತ್ತಿದ್ದಾಳೆ, ಬೇಗ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಬಸ್ಸಿನ ಕೆಲಸ ಮುಗಿಸಿ ಬರುವಾಗ ವಾಂಡಾ ಮನೆಯಿಂದ ಕಾರ್ಬೈನ್ ವಾಪಸು ತಂದೆ. ನನ್ನ ಮಂಚದ ಪಕ್ಕದಲ್ಲಿದೆ. ಮತ್ತೆ ಕೊಡಲಾರೆ. ನೀನು ಇಲ್ಲಿದ್ದು, ಆ ಪಿಕಪ್ಪು ಎದುರಿಗೆ ನಿಂತರೆ, ನೀನು ಬರಿಗೈಯಲ್ಲಾದರೂ ರಸ್ತೆ ದಾಟುತ್ತೀಯ. ಆಮೇಲೆ ನಿನ್ನನ್ನು ಯಾರೂ ಹೊರಗೆ ಬಿಡುವುದಿಲ್ಲ. ಕರ್ಟ್ ಕಾಯುತ್ತಿರುವುದು ಅದಕ್ಕೇ ಇರಬೇಕು. ಪೆರೋಲಿಗೆ ನನ್ನ ವಿಳಾಸ ಕೊಡಬೇಡ. ಪೆರೋಲಿನವರಿಗೆಂದೇ ನಗರದಲ್ಲಿರುವ ವಸತಿಗೃಹ ಕೇಳು. ಅಲ್ಲಿ ಹಾಸಿಗೆ ಖಾಲಿಯಾಗುವವರೆಗೆ ಜೈಲಿನೊಳಗೇ ಇರಬೇಕಾಗುತ್ತದೆ, ಸುಗ್ಗಿಯವರೆಗೂ ಆಗಬಹುದು, ಗೊತ್ತು. ಮಿಸೆಸ್ ಹಾಲ್ಬರ್ಟ್‌ಗೆ ಗುರುವಾರ ಬಾಗಿಲಲ್ಲೇ ನಿಜ ಹೇಳುತ್ತೇನೆ. ಆದರೆ ಅಮ್ಮನಿಗೆ ಹೇಳಲು ನನ್ನಿಂದಾಗದು. ಈ ಮನೆಗೆ ಬರಲು ನಿನಗೇ ಇಷ್ಟವಿಲ್ಲವೆಂದು ಅವಳಿಗೆ ನೀನು ಬರೆ. ನಿನ್ನನ್ನಾದರೆ ಅವಳು ಕ್ಷಮಿಸುತ್ತಾಳೆ.